ಪೇಟೆ ಬಂದಾಗ ಅಂಕಿಯೂ ಇಳಿಯಬೇಕು

ದಕ್ಷಿಣ ಕನ್ನಡದ ಬಿ.ಸಿ.ರೋಡಿನಿಂದ ಚಾರ್ಮಾಡಿ ಘಾಟಿಯ ಬುಡದವರೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 73 ನಕ್ಷೆಯಲ್ಲಿ ಒಂದೇ ಗೆರೆ. ನೆಲದ ಮೇಲೆ ಅದು ಹತ್ತಾರು ರಸ್ತೆಗಳ ಸಾಲು. ಮಣಿಹಳ್ಳ, ವಗ್ಗ, ಕಾವಳಕಟ್ಟೆ, ಪುಂಜಾಲಕಟ್ಟೆ, ಮಡಂತ್ಯಾರು, ಗುರುವಾಯನಕೆರೆ, ಬೆಳ್ತಂಗಡಿ, ಉಜಿರೆ, ಮುಂಡಾಜೆ, ಕಕ್ಕಿಂಜೆ ಎಂದು ಕೆಲವೇ ಕಿಲೋಮೀಟರಿಗೆ ಒಂದು ಪೇಟೆ ಬರುತ್ತದೆ. ಪ್ರತಿ ಪೇಟೆಯಲ್ಲೂ ಬಸ್ಸಿಗೆ ಕಾಯುವವರು, ಶಾಲೆ ಬಿಟ್ಟ ಮಕ್ಕಳು, ಹಾಲಿನ ಡಿಪೋಗೆ ಬಂದವರು, ಅಡ್ಡರಸ್ತೆಯಿಂದ ನುಗ್ಗುವ ರಿಕ್ಷಾಗಳು. ನಡುನಡುವೆ ಅಡಿಕೆ ತೋಟ, ರಬ್ಬರ್ ತೋಟಗಳ ಪಕ್ಕದಲ್ಲಿ ರಸ್ತೆ ಖಾಲಿಯಾಗಿ, ನೇರವಾಗಿ ಮಲಗಿರುತ್ತದೆ. ಇಂಥ ರಸ್ತೆಯಲ್ಲಿ ಕಾರು ಎಷ್ಟು ವೇಗದಲ್ಲಿ ಹೋಗಬಹುದು ಎಂದು ಹತ್ತು ಚಾಲಕರನ್ನು ಕೇಳಿದರೆ ಒಂದೇ ಉತ್ತರ ಸಿಗುವುದಿಲ್ಲ. ಹೆದ್ದಾರಿಯಲ್ಲವೇ, ನೂರು ಎನ್ನುವವರಿದ್ದಾರೆ, ಎಂಬತ್ತು ಎನ್ನುವವರಿದ್ದಾರೆ, ಪೊಲೀಸರು ನಿಲ್ಲಿಸದಿದ್ದರೆ ಎಷ್ಟಾದರೂ ಸರಿ ಎನ್ನುವವರೂ ಇದ್ದಾರೆ. ಕಾನೂನಿನ ಉತ್ತರ ಇವೆಲ್ಲಕ್ಕಿಂತ ಸ್ಪಷ್ಟವಾಗಿದೆ. ಆದರೆ ಆ ಉತ್ತರ ಅರ್ಧ ಮಾತ್ರ. ಉಳಿದರ್ಧವನ್ನು ಬರೆಯುವ ಅಧಿಕಾರ ರಾಜ್ಯಕ್ಕೆ ಸೇರಿದ್ದು. ಅದನ್ನು ನಮ್ಮ ಪೇಟೆಗಳಿಗೆ ತಕ್ಕಂತೆ ಬರೆಸಿಕೊಳ್ಳುವ ಕೆಲಸ ನಮ್ಮದು.

ಕೇಂದ್ರ ಸರ್ಕಾರ 2018ರ ಏಪ್ರಿಲ್ 6ರಂದು ಹೊರಡಿಸಿದ ಅಧಿಸೂಚನೆಯಲ್ಲಿ ರಸ್ತೆಗಳನ್ನು ನಾಲ್ಕೇ ನಾಲ್ಕು ಬಗೆಯಾಗಿ ವಿಂಗಡಿಸಲಾಗಿದೆ: ಎಕ್ಸ್‌ಪ್ರೆಸ್‌ವೇ, ನಡುವೆ ವಿಭಜಕವಿರುವ ಚತುಷ್ಪಥ ಅಥವಾ ಅದಕ್ಕಿಂತ ದೊಡ್ಡ ರಸ್ತೆ, ಪುರಸಭೆ–ನಗರಸಭೆಗಳ ವ್ಯಾಪ್ತಿಯ ರಸ್ತೆ ಮತ್ತು ಇತರ ರಸ್ತೆ. ಚಾಲಕನನ್ನು ಬಿಟ್ಟು ಎಂಟು ಜನರವರೆಗೆ ಕೂರುವ ಕಾರಿಗೆ ಈ ನಾಲ್ಕರಲ್ಲಿ ಗರಿಷ್ಠ ವೇಗ ಗಂಟೆಗೆ ಕ್ರಮವಾಗಿ 120, 100, 70, 70 ಕಿ.ಮೀ. ಬಸ್ಸಿಗೆ 100, 90, 60, 60. ಲಾರಿ, ಟೆಂಪೋಗಳಿಗೆ 80, 80, 60, 60. ಬೈಕು–ಸ್ಕೂಟರುಗಳಿಗೂ ಚತುಷ್ಪಥದಲ್ಲಿ 80, ಪುರಸಭೆ ವ್ಯಾಪ್ತಿಯ ಮತ್ತು ಇತರ ರಸ್ತೆಗಳಲ್ಲಿ 60. ಆಟೋರಿಕ್ಷಾಕ್ಕೆ ಎಲ್ಲಿ ಹೋದರೂ 50. ರಸ್ತೆ ರಾಷ್ಟ್ರೀಯ ಹೆದ್ದಾರಿಯೋ, ರಾಜ್ಯ ಹೆದ್ದಾರಿಯೋ, ಜಿಲ್ಲಾ ರಸ್ತೆಯೋ ಎಂಬುದು ಈ ಪಟ್ಟಿಗೆ ಮುಖ್ಯವೇ ಅಲ್ಲ. ಆದ್ದರಿಂದ ಪುಂಜಾಲಕಟ್ಟೆಯವರೆಗೆ ಅಗಲಗೊಂಡು ನುಣುಪಾದ ಹೆದ್ದಾರಿ 73ರಲ್ಲಿ ವಿಭಜಕವಿಲ್ಲದ ಕಡೆಯೆಲ್ಲ ಕಾರಿನ ಮಿತಿ 70, ಬೈಕಿನದು 60. ಬಂಟ್ವಾಳದಿಂದ ಸಿದ್ಧಕಟ್ಟೆ ಮೇಲೆ ಮೂಡುಬಿದಿರೆಗೆ ಹೋಗುವ ತಿರುವು ರಸ್ತೆಯಲ್ಲೂ ಅದೇ 70, ಅದೇ 60. ರಸ್ತೆ ಅಗಲವಾದ ಮಾತ್ರಕ್ಕೆ ಕಾನೂನಿನ ಅಂಕಿ ಏರುವುದಿಲ್ಲ, ರಸ್ತೆ ಕಿರಿದಾದ ಮಾತ್ರಕ್ಕೆ ಇಳಿಯುವುದೂ ಇಲ್ಲ.

ವಿಭಜಕ ಎದ್ದ ದಿನ ಮಾತ್ರ ಅಂಕಿ ಒಮ್ಮೆಲೇ ಜಿಗಿಯುತ್ತದೆ. ಬಿ.ಸಿ.ರೋಡಿನಿಂದ ಅಡ್ಡಹೊಳೆಯವರೆಗಿನ ಹೆದ್ದಾರಿ 75 ಚತುಷ್ಪಥವಾಗಿದೆ. ಕಲ್ಲಡ್ಕ ಪೇಟೆಯ ಮೇಲೆ ಮೇಲ್ಸೇತುವೆ ಎದ್ದಿದೆ. ಬಿಕರ್ನಕಟ್ಟೆಯಿಂದ ಸಾಣೂರಿನವರೆಗೆ, ಗುರುಪುರ, ಕೈಕಂಬ, ಎಡಪದವು, ಮಿಜಾರು, ಮೂಡುಬಿದಿರೆ ದಾರಿಯಾಗಿ ಹೆದ್ದಾರಿ 169ರ ಸುಮಾರು 45 ಕಿ.ಮೀ. ಕೂಡ ಚತುಷ್ಪಥ ಯೋಜನೆಯದು. ಇಂಥ ಕಡೆ ನಡುವಿನ ವಿಭಜಕ ಪೂರ್ತಿಯಾದೊಡನೆ ಕಾರಿನ ಮೇಲಿನ ಮಿತಿ 70ರಿಂದ 100ಕ್ಕೆ, ಬಸ್ಸಿನದು 60ರಿಂದ 90ಕ್ಕೆ ಏರುತ್ತದೆ. ಪಕ್ಕದ ಮನೆ, ಅಂಗಡಿ, ಶಾಲೆ, ದೈವಸ್ಥಾನ ಎಲ್ಲವೂ ಇದ್ದಲ್ಲೇ ಇರುತ್ತವೆ. ಬಿ.ಸಿ.ರೋಡ್ ಪೇಟೆಯ ಸ್ಥಿತಿ ಇನ್ನೂ ಗೋಜಲಿನದು. ಅದು ಬಂಟ್ವಾಳ ಪುರಸಭೆಯ ಒಳಗಿದೆ, ಅಲ್ಲಿಯ ಹೆದ್ದಾರಿಗೆ ವಿಭಜಕವೂ ಇದೆ. ಪಟ್ಟಿಯನ್ನಷ್ಟೇ ಓದಿದರೆ 70ರ ಸಾಲೂ ಅನ್ವಯಿಸುವಂತಿದೆ, 100ರ ಸಾಲೂ ಅನ್ವಯಿಸುವಂತಿದೆ. ಇನ್ನು ಉಜಿರೆ, ಗುರುವಾಯನಕೆರೆ, ಮಡಂತ್ಯಾರು, ಕಲ್ಲಡ್ಕ ಇವೆಲ್ಲ ಜನಸಂದಣಿಯಲ್ಲಿ ಪಟ್ಟಣಗಳಾದರೂ ಆಡಳಿತದಲ್ಲಿ ಗ್ರಾಮ ಪಂಚಾಯಿತಿಗಳ ವ್ಯಾಪ್ತಿಯವು. ಪಟ್ಟಿಯ ಕಣ್ಣಿಗೆ ಅವು ‘ಇತರ ರಸ್ತೆ’ಗಳು ಹಾದುಹೋಗುವ ಜಾಗಗಳಷ್ಟೆ. ಶಾಲೆ, ಆಸ್ಪತ್ರೆ, ಸಂತೆ, ತಿರುವು ಇವಕ್ಕೆ ಆ ಪಟ್ಟಿಯಲ್ಲಿ ಸಾಲೇ ಇಲ್ಲ.

ದೆಹಲಿಯವರು ಉಜಿರೆಯನ್ನು ಮರೆತರು ಎಂದು ದೂರಬೇಕಾಗಿಲ್ಲ. ಅಧಿಸೂಚನೆ ಕೊಟ್ಟಿರುವುದು ದೇಶಕ್ಕೆಲ್ಲ ಒಂದು ಮೇಲ್ಮಿತಿ. ಅದಕ್ಕಿಂತ ಹೆಚ್ಚು ಎಲ್ಲೂ ಕೂಡದು ಎಂಬುದಷ್ಟೇ ಅದರ ಮಾತು. ಮೋಟಾರು ವಾಹನ ಕಾಯ್ದೆ 1988ರ 112ನೇ ಕಲಮು ಮುಂದಿನ ಕೆಲಸವನ್ನು ರಾಜ್ಯ ಸರ್ಕಾರಕ್ಕೆ, ಅಥವಾ ರಾಜ್ಯ ಸರ್ಕಾರ ಅಧಿಕಾರ ಕೊಟ್ಟ ಪ್ರಾಧಿಕಾರಕ್ಕೆ ಬಿಟ್ಟಿದೆ. ಸಾರ್ವಜನಿಕ ಸುರಕ್ಷತೆಗಾಗಿ, ಅನುಕೂಲಕ್ಕಾಗಿ, ಅಥವಾ ರಸ್ತೆ–ಸೇತುವೆಯ ಸ್ವರೂಪದಿಂದಾಗಿ ಬೇಕೆನಿಸಿದರೆ ರಾಜ್ಯಪತ್ರದಲ್ಲಿ ಪ್ರಕಟಿಸಿ, ಸ್ಥಳದಲ್ಲಿ ಫಲಕ ನೆಟ್ಟು, ಯಾವುದೇ ಜಾಗಕ್ಕೆ ಕಡಿಮೆ ಮಿತಿಯನ್ನು ನಿಗದಿಪಡಿಸಬಹುದು. ಪ್ರಕಟಣೆ ಮತ್ತು ಫಲಕ ಎರಡೂ ಸೇರಿದಾಗಲೇ ಮಿತಿ ಬಲ ಪಡೆಯುತ್ತದೆ. ಬಿಳಿ ವೃತ್ತ, ಕೆಂಪು ಅಂಚು, ನಡುವೆ ಕಪ್ಪು ಅಂಕಿ: ಈ ಫಲಕ ಸಲಹೆಯಲ್ಲ, ಆಜ್ಞೆ. ತ್ರಿಕೋನದ ಫಲಕಗಳು ಮುಂದಿನ ಅಪಾಯವನ್ನು ಎಚ್ಚರಿಸುತ್ತವೆ, ವೃತ್ತದವು ಕಟ್ಟಳೆ ವಿಧಿಸುತ್ತವೆ. ಫಲಕವಿಲ್ಲದ ಪೇಟೆಯಲ್ಲಿ ಕಾನೂನಿನ ಪುಸ್ತಕ ಹೇಳುವ ಅಂಕಿ 70 ಆಗಿಯೇ ಉಳಿಯುತ್ತದೆ. ಆ ಅಂಕಿ ಪೇಟೆಗೆ ಎಷ್ಟು ಹೊಂದದ್ದು ಎಂಬುದಕ್ಕೆ ಲೆಕ್ಕವೇ ಸಾಕ್ಷಿ.

ಗಂಟೆಗೆ 70 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 19 ಮೀಟರು. ಎದುರಿಗೆ ಮಗು ಓಡಿಬಂದದ್ದು ಕಂಡು ಕಾಲು ಬ್ರೇಕಿನ ಮೇಲೆ ಹೋಗಲು ಒಂದೂವರೆ ಸೆಕೆಂಡು ಬೇಕೆಂದು ಇಟ್ಟುಕೊಳ್ಳೋಣ. ಅಷ್ಟರಲ್ಲಿ ಕಾರು 29 ಮೀಟರು ದಾಟಿರುತ್ತದೆ. ಮಳೆಗಾಲದ ಒದ್ದೆ ಡಾಂಬರಿನ ಮೇಲೆ ಪೂರ್ತಿ ನಿಲ್ಲಲು ಇನ್ನೂ 54 ಮೀಟರು ಬೇಕು; ಒಟ್ಟು 83. ಅದೇ ಕಾರು 50ರಲ್ಲಿದ್ದರೆ ಸುಮಾರು 48 ಮೀಟರಿನಲ್ಲಿ ನಿಲ್ಲುತ್ತದೆ, 30ರಲ್ಲಿದ್ದರೆ 22ರಲ್ಲಿ. ಇದಕ್ಕಿಂತ ಮುಖ್ಯವಾದ ಇನ್ನೊಂದು ಲೆಕ್ಕವಿದೆ. 50ರಲ್ಲಿ ಬಂದ ಕಾರು ಪೂರ್ತಿ ನಿಂತ ಜಾಗದಲ್ಲಿ, 70ರಲ್ಲಿ ಬಂದ ಕಾರು ಇನ್ನೂ ಸುಮಾರು 56 ಕಿ.ಮೀ. ವೇಗದಲ್ಲಿರುತ್ತದೆ. ಒಬ್ಬ ಚಾಲಕ ಬೆವರೊರೆಸಿಕೊಂಡು ಮುಂದೆ ಹೋಗುವ ಜಾಗದಲ್ಲೇ ಇನ್ನೊಬ್ಬ ಜೀವ ತೆಗೆದಿರುತ್ತಾನೆ. ಕಾರಿನ ಮುಂಭಾಗ ಬಡಿದ ಪಾದಚಾರಿ ಸಾಯುವ ಸಾಧ್ಯತೆ 50ಕ್ಕಿಂತ 65 ಕಿ.ಮೀ. ವೇಗದಲ್ಲಿ ನಾಲ್ಕೂವರೆ ಪಟ್ಟು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸರಾಸರಿ ವೇಗ ಶೇ 1ರಷ್ಟು ಏರಿದರೆ ಸಾವು ತರುವ ಅಪಘಾತದ ಸಂಭವ ಶೇ 4ರಷ್ಟು ಏರುತ್ತದೆ ಎಂಬುದೂ ಅದರದೇ ಮಾತು. ನಮ್ಮ ಊರಿನ ರಸ್ತೆಗಳಲ್ಲಿ ವರ್ಷಕ್ಕೆ ನಾಲ್ಕು ತಿಂಗಳು ಮಳೆ, ಗುಡ್ಡ ಕಡಿದು ಮಾಡಿದ ಕುರುಡು ತಿರುವುಗಳು, ಡಾಂಬರಿನ ಅಂಚಿನಲ್ಲಿ ಕೊರೆದುಹೋದ ಮಣ್ಣು. ಇಲ್ಲಿ 83 ಮೀಟರು ಮುಂದೆ ಏನಿದೆ ಎಂಬುದು ಬಹಳ ಕಡೆ ಕಣ್ಣಿಗೆ ಬೀಳುವುದೇ ಇಲ್ಲ.

ಜನವಸತಿ ಶುರುವಾದೊಡನೆ ಮಿತಿ ತಾನಾಗಿ ಇಳಿಯುವ ವ್ಯವಸ್ಥೆ ಹಲವು ದೇಶಗಳಲ್ಲಿದೆ. ಜರ್ಮನಿಯಲ್ಲಿ ಊರಿನ ಹೆಸರು ಬರೆದ ಹಳದಿ ಫಲಕವೇ ವೇಗಮಿತಿಯ ಫಲಕ. ಅದನ್ನು ದಾಟಿದರೆ 100 ಹೋಗಿ 50 ಆಗುತ್ತದೆ, ಬೇರೆ ಅಂಕಿ ಬರೆಯಬೇಕಾಗಿಲ್ಲ. ಸ್ಪೇನ್ 2021ರ ಮೇಯಿಂದ ಊರೊಳಗೆ ಒಂದೊಂದು ದಿಕ್ಕಿಗೆ ಒಂದೇ ಪಥವಿರುವ ರಸ್ತೆಗಳಲ್ಲಿ 30 ಮಾಡಿತು. ವೇಲ್ಸ್ 2023ರ ಸೆಪ್ಟೆಂಬರ್ 17ರಿಂದ ವಸತಿ ಪ್ರದೇಶದ ರಸ್ತೆಗಳ ಸಾಮಾನ್ಯ ಮಿತಿಯನ್ನು 30 ಮೈಲಿಯಿಂದ 20 ಮೈಲಿಗೆ, ಅಂದರೆ ಸುಮಾರು 32 ಕಿ.ಮೀ.ಗೆ ಇಳಿಸಿತು. ಅಷ್ಟು ದೂರವೂ ಹೋಗಬೇಕಾಗಿಲ್ಲ. ಬಂಟ್ವಾಳ ತಾಲೂಕಿನ ಅಡ್ಯನಡ್ಕ ಕಳೆದು ಸಾರಡ್ಕದಲ್ಲಿ ಗಡಿ ದಾಟಿದರೆ ಕಾಸರಗೋಡು ಜಿಲ್ಲೆ, ಕೇರಳದ ನಿಯಮ. ಕೇರಳ ಸರ್ಕಾರ 2023ರ ಜುಲೈ 1ರಿಂದ ತನ್ನ ವೇಗಮಿತಿಗಳನ್ನು ಪರಿಷ್ಕರಿಸಿದಾಗ ನಗರದ ರಸ್ತೆಗಳಲ್ಲಿ ಕಾರಿಗೆ 50ನ್ನೇ ಉಳಿಸಿಕೊಂಡಿತು. ದ್ವಿಚಕ್ರ ವಾಹನಗಳ ಗರಿಷ್ಠ ವೇಗವನ್ನು 70ರಿಂದ 60ಕ್ಕೆ ತಂದಿತು. ರಸ್ತೆ ಅಪಘಾತಗಳಲ್ಲಿ ದ್ವಿಚಕ್ರ ವಾಹನಗಳ ಪಾಲೇ ಹೆಚ್ಚು ಎಂಬುದು ಅದಕ್ಕೆ ಕೊಟ್ಟ ಕಾರಣ. ಒಂದೇ ದೇಶ, ಒಂದೇ ಕಾಯ್ದೆ. ಆದರೂ ಒಂದು ರಾಜ್ಯ ತನ್ನ ರಸ್ತೆಗಳಿಗೆ ತಾನೇ ಅಂಕಿ ಬರೆದುಕೊಂಡಿತು. ಅದು ಕರ್ನಾಟಕಕ್ಕೂ ಸಾಧ್ಯ, ದಕ್ಷಿಣ ಕನ್ನಡದ ಒಂದೊಂದು ಪೇಟೆಗೂ ಸಾಧ್ಯ.

ಹೆದ್ದಾರಿ ಅಗಲ ಮಾಡಿದ್ದೇ ಬೇಗ ಹೋಗಲಿಕ್ಕೆ, ಈಗ ಪೇಟೆಪೇಟೆಗೂ 40ರ ಫಲಕ ಹಾಕಿದರೆ ಕೋಟ್ಯಂತರ ರೂಪಾಯಿ ಸುರಿದದ್ದೇಕೆ ಎಂಬ ಆಕ್ಷೇಪ ಬರುತ್ತದೆ. ಇದನ್ನು ಗಡಿಯಾರ ಹಿಡಿದು ನೋಡಬೇಕು. ಒಂದು ಪೇಟೆಯ ನಡುಭಾಗ ಅರ್ಧ ಕಿಲೋಮೀಟರು ಎಂದುಕೊಂಡರೆ ಆರು ಪೇಟೆಗೆ ಮೂರು ಕಿಲೋಮೀಟರು. 70ರಲ್ಲಿ ಹೋದರೆ ಎರಡೂವರೆ ನಿಮಿಷ, 40ರಲ್ಲಿ ಹೋದರೆ ನಾಲ್ಕೂವರೆ ನಿಮಿಷ. ಆರು ಪೇಟೆ ದಾಟುವ ಪ್ರಯಾಣದಲ್ಲಿ ನಷ್ಟ ಎರಡು ನಿಮಿಷ. ಪೇಟೆ ಕಳೆದ ಮೇಲೆ ಮಿತಿ ಮತ್ತೆ ಏರುತ್ತದೆ, ಅಗಲ ರಸ್ತೆಯ ಪ್ರಯೋಜನ ಅಲ್ಲಿ ಸಿಕ್ಕೇ ಸಿಗುತ್ತದೆ. ನನ್ನ ವಾದ ಇಡೀ ಹೆದ್ದಾರಿಯನ್ನು ನಿಧಾನ ಮಾಡಬೇಕೆಂಬುದಲ್ಲ. ಖಾಲಿ ರಸ್ತೆಗೂ ಪೇಟೆಗೂ ಒಂದೇ ಅಂಕಿ ಇರುವಾಗ ಎರಡಕ್ಕೂ ಅನ್ಯಾಯವಾಗುತ್ತದೆ: ಪೇಟೆಯಲ್ಲಿ ಅದು ಜೀವಕ್ಕೆ ಎರವು, ಖಾಲಿ ಜಾಗದಲ್ಲಿ ಅದನ್ನು ಯಾರೂ ಲೆಕ್ಕಿಸುವುದಿಲ್ಲ.

ಬಸ್ಸಿನವರ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು, ಅದನ್ನು ಹಗುರವಾಗಿ ತಳ್ಳಿಹಾಕಬಾರದು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳಲ್ಲಿ ಬಹಳ ಜನ ಓಡಾಡುವುದು ಖಾಸಗಿ ಸರ್ವಿಸ್ ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ. ಹಿಂದಿನ ಬಸ್ಸಿಗೂ ಮುಂದಿನ ಬಸ್ಸಿಗೂ ನಡುವೆ ಕೆಲವೇ ನಿಮಿಷದ ಅಂತರ. ಟೈಮ್ ತಪ್ಪಿದರೆ ಕಲೆಕ್ಷನ್ ಹೋಯಿತು, ಮುಂದಿನ ನಿಲ್ದಾಣದಲ್ಲಿ ಜಗಳ ಬಂತು. ಚಾಲಕನೊಬ್ಬನಿಗೆ ದಂಡ ಹಾಕಿದರೆ ಇದು ನಿಲ್ಲುವುದಿಲ್ಲ, ಏಕೆಂದರೆ ಅವನನ್ನು ಓಡಿಸುತ್ತಿರುವುದು ವೇಳಾಪಟ್ಟಿ. ಕಾಯ್ದೆ ಬರೆದವರು ಇದನ್ನು ಮೊದಲೇ ಯೋಚಿಸಿದ್ದರು. 183ನೇ ಕಲಮು ಮಿತಿ ಮೀರಿ ಓಡಿಸಿದವನನ್ನಷ್ಟೇ ಅಲ್ಲ, ತನ್ನ ಕೆಲಸದವನಿಂದ ಹಾಗೆ ಓಡಿಸಿದ ಮಾಲೀಕನನ್ನೂ ಶಿಕ್ಷಿಸುತ್ತದೆ. ವೇಗಮಿತಿ ಮುರಿಯದೆ ಮುಗಿಸಲಾಗದಂಥ ವೇಳಾಪಟ್ಟಿಯನ್ನು ಪ್ರಕಟಿಸಿದರೆ, ಪ್ರಕಟಿಸಿದವರು ಅಪರಾಧ ಮಾಡಿದ್ದಾರೆಂಬುದಕ್ಕೆ ಆ ವೇಳಾಪಟ್ಟಿಯೇ ಮೇಲ್ನೋಟದ ಸಾಕ್ಷ್ಯವಾಗುತ್ತದೆ ಎಂದೂ ಅದೇ ಕಲಮು ಹೇಳುತ್ತದೆ. ಈ ಮಾತು ಹೆಚ್ಚು ಜನರಿಗೆ ತಿಳಿದಿಲ್ಲ, ತಿಳಿಯಬೇಕು. ಪೇಟೆಗಳಿಗೆ ಹೊಸ ಮಿತಿ ಬಂದರೆ ಪರ್ಮಿಟ್ಟಿನ ಸಮಯವನ್ನೂ ಅದರೊಂದಿಗೆ ತಿದ್ದಬೇಕು. ಒಂದು ರೂಟಿಗೆ ನಾಲ್ಕೈದು ನಿಮಿಷ ಸೇರಿಸುವುದು ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೆ ಕಷ್ಟದ ಕೆಲಸವಲ್ಲ. ಎಲ್ಲ ಬಸ್ಸಿಗೂ ಒಂದೇ ರೀತಿ ಸೇರಿಸಿದರೆ ಯಾರ ಕಲೆಕ್ಷನ್ನೂ ಕಡಿಮೆಯಾಗುವುದಿಲ್ಲ.

ಫಲಕ ಹಾಕಿದರೆ ಯಾರು ಪಾಲಿಸುತ್ತಾರೆ, ಹಂಪ್ ಹಾಕಿದರೆ ಮಾತ್ರ ನಮ್ಮ ಜನ ಬಗ್ಗುವುದು ಎಂಬುದು ಎಲ್ಲರ ಬಾಯಲ್ಲಿರುವ ಮಾತು. ನಮ್ಮ ಜನ ಯಾರು? ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಮನೆಮನೆಯಿಂದ ಗಲ್ಫ್ ದೇಶಗಳಿಗೆ ಹೋದವರಿದ್ದಾರೆ, ಅಲ್ಲಿ ಟ್ಯಾಕ್ಸಿ, ಟ್ರೇಲರ್ ಓಡಿಸುವವರಿದ್ದಾರೆ. ಅಬುಧಾಬಿಯಲ್ಲಿ ಮಿತಿಗಿಂತ 20 ಕಿ.ಮೀ. ಹೆಚ್ಚಿದ್ದರೂ ದಂಡವಿಲ್ಲ ಎಂಬ ರಿಯಾಯಿತಿಯನ್ನು 2018ರ ಆಗಸ್ಟ್ 12ರಿಂದ ತೆಗೆದುಹಾಕಿದರು. ಅಂದಿನಿಂದ ಫಲಕದ ಮೇಲಿನ ಅಂಕಿಯೇ ಕೊನೆಯ ಅಂಕಿ. ಅಲ್ಲಿ ಆ ಅಂಕಿಗೆ ತಲೆಬಾಗುವ ಚಾಲಕ ರಜೆಗೆ ಊರಿಗೆ ಬಂದೊಡನೆ ಬೇರೆ ಮನುಷ್ಯನಾಗುತ್ತಾನೆ ಎಂದರೆ ಕೊರತೆ ಅವನ ಸ್ವಭಾವದ್ದಲ್ಲ. ಅಲ್ಲಿ ಅಂಕಿ ಕಣ್ಣಿಗೆ ಕಾಣುತ್ತದೆ, ಮೀರಿದರೆ ಸಿಕ್ಕಿಬೀಳುವುದು ಖಚಿತ. ಇಲ್ಲಿ ಬಹಳ ಕಡೆ ಎರಡೂ ಇಲ್ಲ. ಹಂಪ್ ಬೇಕಾದ ಜಾಗಗಳಿವೆ ನಿಜ, ಶಾಲೆಯ ಅಡ್ಡರಸ್ತೆಗಳಲ್ಲಿ ಅದು ಒಳ್ಳೆಯ ಸಾಧನ. ಆದರೆ ರಾತ್ರೋರಾತ್ರಿ ಯಾರೋ ಹಾಕಿಸಿದ, ಬಣ್ಣವಿಲ್ಲದ, ಸೂಚನೆಯಿಲ್ಲದ ಹಂಪಿನ ಮೇಲೆ ಬೈಕಿನ ಹಿಂದೆ ಕೂತ ಹೆಂಗಸರು ಬಿದ್ದು ತಲೆ ಒಡೆದುಕೊಳ್ಳುತ್ತಾರೆ. ಫಲಕ, ರಸ್ತೆಯ ಮೇಲಿನ ಪಟ್ಟಿ, ಕ್ಯಾಮೆರಾ ಇವು ಮೊದಲು ಬರಬೇಕು.

ಅಪಘಾತಕ್ಕೆ ವೇಗ ಕಾರಣವಲ್ಲ, ಹೊಂಡ ಕಾರಣ, ಅವೈಜ್ಞಾನಿಕ ಕಾಮಗಾರಿ ಕಾರಣ ಎನ್ನುವವರಿಗೂ ಉತ್ತರ ಕೊಡಬೇಕು. ಅವರ ದೂರು ಸುಳ್ಳಲ್ಲ. 2019ರ ತಿದ್ದುಪಡಿಯಿಂದ ಸೇರಿದ 198ಎ ಕಲಮಿನಡಿ, ನಿಗದಿತ ಗುಣಮಟ್ಟ ಪಾಲಿಸದೆ ಸಾವು ಅಥವಾ ಅಂಗವೈಕಲ್ಯಕ್ಕೆ ಕಾರಣವಾದ ಗುತ್ತಿಗೆದಾರ, ಸಲಹಾಸಂಸ್ಥೆ, ಪ್ರಾಧಿಕಾರಗಳಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡವಿದೆ. ಆ ಹೋರಾಟ ಬೇರೆ, ಅದೂ ನಡೆಯಲಿ. ಆದರೆ ಹೊಂಡ ಇದೆ ಎಂಬುದು ಮಿತಿ ಬೇಡ ಎನ್ನಲು ಕಾರಣವಾಗುವುದಿಲ್ಲ, ಮಿತಿ ಇನ್ನೂ ಕಡಿಮೆ ಇರಲಿ ಎನ್ನಲು ಕಾರಣವಾಗುತ್ತದೆ.

ಕಾಯ್ದೆಯಲ್ಲಿ ನಮ್ಮ ಜಿಲ್ಲೆಗೆಂದೇ ಬರೆದಂತಿರುವ ಒಂದು ಅವಕಾಶವಿದೆ. ಒಂದು ತಿಂಗಳೊಳಗಿನ ತಾತ್ಕಾಲಿಕ ಮಿತಿಗೆ ರಾಜ್ಯಪತ್ರದಲ್ಲಿ ಪ್ರಕಟಣೆ ಬೇಕಾಗಿಲ್ಲ, ಫಲಕ ಹಾಕಿದರೆ ಸಾಕು. ಶಿವರಾತ್ರಿಯ ಹೊತ್ತಿಗೆ ಚಾರ್ಮಾಡಿ ಇಳಿದು ಧರ್ಮಸ್ಥಳಕ್ಕೆ ನಡೆದುಬರುವ ಸಾವಿರಾರು ಪಾದಯಾತ್ರಿಗಳು ಬೆಳಗಿನ ಜಾವದ ಕತ್ತಲಲ್ಲೂ ರಸ್ತೆಯ ಅಂಚಿನಲ್ಲೇ ಇರುತ್ತಾರೆ. ಕಾರ್ತಿಕದ ಲಕ್ಷದೀಪೋತ್ಸವಕ್ಕೆ ಉಜಿರೆಯಿಂದ ಧರ್ಮಸ್ಥಳಕ್ಕೆ ಪಾದಯಾತ್ರೆ ಹೊರಡುತ್ತದೆ. ಮೂಡುಬಿದಿರೆಯ ಕಂಬಳದ ರಾತ್ರಿ ಜನ ರಸ್ತೆ ತುಂಬ ನಡೆಯುತ್ತಾರೆ. ಆ ವಾರಗಳಿಗೆ, ಆ ಹತ್ತು–ಹದಿನೈದು ಕಿಲೋಮೀಟರಿಗೆ 30ರ ಮಿತಿ ಹಾಕುವುದಕ್ಕೆ ಬೇಕಾದದ್ದು ಒಂದು ಆದೇಶ ಮತ್ತು ಕೆಲವು ಫಲಕಗಳು. ಭೂಕುಸಿತದ ಭಯವಿದ್ದಾಗ ಘಾಟಿಯಲ್ಲಿ ವಾಹನ ಸಂಚಾರವನ್ನೇ ನಿರ್ಬಂಧಿಸುವ ಆದೇಶ ಮಳೆಗಾಲದಲ್ಲಿ ಎಷ್ಟು ಬೇಗ ಹೊರಡುತ್ತದೆ ಎಂಬುದನ್ನು ಎಲ್ಲರೂ ನೋಡಿದ್ದಾರೆ. ಅದೇ ಚುರುಕು ಇಲ್ಲಿಯೂ ಬೇಕು.

ಅಲ್ಲಿಯವರೆಗೆ ಚಾಲಕರು ತಿಳಿದಿರಬೇಕಾದ ಕೆಲವು ಸಂಗತಿಗಳಿವೆ. 70 ಎಂಬುದು ಗುರಿಯಲ್ಲ. 184ನೇ ಕಲಮಿನ ಪ್ರಕಾರ ಸ್ಥಳದ ಸ್ವರೂಪ, ರಸ್ತೆಯ ಸ್ಥಿತಿ, ಜನ–ವಾಹನಗಳ ದಟ್ಟಣೆ ನೋಡಿದಾಗ ವೇಗ ಅಪಾಯಕಾರಿ ಎನಿಸಿದರೆ ಅದು ಮಿತಿಯ ಒಳಗಿದ್ದರೂ ಅಪರಾಧ. ಫಲಕವಿಲ್ಲದ ಪೇಟೆಯಲ್ಲಿ 40 ದಾಟದಿರಿ, ಶಾಲೆ ಬಿಡುವ ಹೊತ್ತಿಗೆ 30. ಕಾರಿನ ಎಚ್ಚರಿಕೆಯ ಸದ್ದನ್ನು ನಂಬಬೇಡಿ. 2019ರ ಜುಲೈ ನಂತರ ತಯಾರಾದ ಕಾರುಗಳು ಕೂಗುವುದು 80 ದಾಟಿದ ಮೇಲೆ, ಬಿಡದೆ ಕೂಗುವುದು 120 ದಾಟಿದ ಮೇಲೆ. ಹೆದ್ದಾರಿ 73ರಲ್ಲಿ ವಿಭಜಕವಿಲ್ಲದ ಕಡೆ ಆ ಸದ್ದು ಕೇಳಿಸಿತು ಎಂದರೆ ನೀವು ಆಗಲೇ ಕಾನೂನು ಮುರಿದಿದ್ದೀರಿ. ಟಿಪ್ಪರ್, ಟ್ಯಾಂಕರ್, ಶಾಲಾ ಬಸ್ಸುಗಳ ವೇಗ ನಿಯಂತ್ರಕ 60ಕ್ಕೆ ಕಟ್ಟಿರಬೇಕು. ಮಕ್ಕಳ ಬಸ್ಸು ಅದಕ್ಕಿಂತ ವೇಗವಾಗಿ ಹೋಗುತ್ತಿದ್ದರೆ ಶಾಲೆಯನ್ನು ಕೇಳುವ ಹಕ್ಕು ಪೋಷಕರಿಗಿದೆ. ಕೇಂದ್ರ ಕಾಯ್ದೆಯಲ್ಲಿ ಅತಿವೇಗಕ್ಕೆ ಲಘು ವಾಹನಕ್ಕೆ 1,000ದಿಂದ 2,000 ರೂಪಾಯಿ, ಮಧ್ಯಮ ಮತ್ತು ಭಾರೀ ವಾಹನಕ್ಕೆ 2,000ದಿಂದ 4,000 ರೂಪಾಯಿ ದಂಡವಿದೆ. ರಾಜ್ಯದಲ್ಲಿ ಎಲ್ಲಿಯೇ ಆಗಲಿ 130 ದಾಟಿದರೆ ಎಫ್‌ಐಆರ್ ದಾಖಲಿಸುವುದಾಗಿ ಪೊಲೀಸರು 2024ರ ಆಗಸ್ಟ್ 1ರಿಂದ ಜಾರಿಗೆ ತಂದರು. ಚಾಲಕನ ಪರವಾಗಿಯೂ ಕಾನೂನಿನಲ್ಲಿ ಮಾತಿದೆ: ವೇಗ ಹೆಚ್ಚಿತ್ತೆಂದು ಒಬ್ಬ ಸಾಕ್ಷಿಯ ಕಣ್ಣಂದಾಜಿನ ಮೇಲೆ ಮಾತ್ರ ಶಿಕ್ಷೆ ಕೊಡುವಂತಿಲ್ಲ, ಆ ಅಂದಾಜಿಗೆ ಉಪಕರಣದ ಅಳತೆಯ ಆಧಾರ ಇರಬೇಕು. ಕ್ಯಾಮೆರಾ ಇಟ್ಟ ಜಾಗಕ್ಕೆ ಮೊದಲೇ ಎಚ್ಚರಿಕೆಯ ಫಲಕ ಇರಬೇಕೆಂದು 2021ರಲ್ಲಿ ಬಂದ 167ಎ ನಿಯಮ ಹೇಳುತ್ತದೆ.

ಊರಿನವರು ಮಾಡಬೇಕಾದ ಕೆಲಸ ಮನವಿಯಿಂದ ಶುರುವಾಗುತ್ತದೆ. ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಜಿಲ್ಲಾಧಿಕಾರಿ ಅಧ್ಯಕ್ಷರು. ಪೊಲೀಸ್, ಸಾರಿಗೆ, ಲೋಕೋಪಯೋಗಿ, ಹೆದ್ದಾರಿ ಅಧಿಕಾರಿಗಳು ಒಂದೇ ಮೇಜಿಗೆ ಬರುವ ಜಾಗ ಅದು. ಮನವಿ ಅಲ್ಲಿಗೆ ಹೋಗಲಿ. ಅದರ ಪ್ರತಿ, ಹೆದ್ದಾರಿ 73ರ ವಿಷಯವಾದರೆ ಮಂಗಳೂರಿನ ರಾಷ್ಟ್ರೀಯ ಹೆದ್ದಾರಿ ವಿಭಾಗಕ್ಕೆ, 75 ಮತ್ತು 169ರ ವಿಷಯವಾದರೆ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರಕ್ಕೆ. ಬಂಟ್ವಾಳ, ಬೆಳ್ತಂಗಡಿಯವರು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಬರೆಯಬೇಕು. ಮೂಡುಬಿದಿರೆ ಠಾಣೆ ಮಂಗಳೂರು ಕಮಿಷನರೇಟಿಗೆ ಸೇರಿದ್ದರಿಂದ ಅಲ್ಲಿಯವರು ಪೊಲೀಸ್ ಕಮಿಷನರಿಗೆ ಬರೆಯಬೇಕು. ‘ವೇಗ ತಡೆಯಿರಿ’ ಎಂದಷ್ಟೇ ಬರೆದ ಅರ್ಜಿ ಕಡತದಲ್ಲೇ ಉಳಿಯುತ್ತದೆ. ಪೇಟೆ ಎಲ್ಲಿಂದ ಎಲ್ಲಿಯವರೆಗೆ, ಶಾಲೆ–ಬಸ್‌ನಿಲ್ದಾಣ–ಅಡ್ಡರಸ್ತೆ ಎಲ್ಲಿವೆ, ಅಪಘಾತಗಳು ಯಾವ ಕಂಬದ ಹತ್ತಿರ ಆದವು, ಬೇಕಾದ ಅಂಕಿ 30ಓ 40ಓ, ಅದು 112ನೇ ಕಲಮಿನಡಿ ಪ್ರಕಟವಾಗಬೇಕು ಎಂದು ಬರೆಯಿರಿ. ಹಾಗೆ ಬರೆದದ್ದಕ್ಕೆ ಉತ್ತರ ಕೊಡಲೇಬೇಕಾಗುತ್ತದೆ. ಚತುಷ್ಪಥ ಕಾಮಗಾರಿ ನಡೆಯುತ್ತಿರುವ ಊರಿನವರು ವಿಭಜಕ ಏಳುವ ಮೊದಲೇ ಇದನ್ನು ಮಾಡಿಕೊಳ್ಳುವುದು ಒಳ್ಳೆಯದು. ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಲೇಬೇಕು. ಮುಂದಿನ ಸಭೆಯಲ್ಲಿ ನಿಮ್ಮ ಪೇಟೆಯ ವೇಗಮಿತಿಯನ್ನು ನಿರ್ಣಯವಾಗಿ ಬರೆಸಿ, ಅದರ ನಕಲನ್ನು ಮನವಿಯ ಜೊತೆ ಲಗತ್ತಿಸಿ.